ಅರಮನೆಯ ಊಟದ ಹೊತ್ತಿಗೆ ಕಾಣೆಯಾದ ಪುರಾತತ್ವಜ್ಞ

ನಮಸ್ಕಾರ. ಸಾಹಸಚಿತ್ರವೊಂದರ ಎರಡನೆಯ ಭಾಗ ಮೊದಲನೆಯದಕ್ಕೆ ಸಾಟಿಯಾಗುತ್ತದೆಯೇ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ನೆನಪಾಗುವುದು ಇಂಡಿಯಾನಾ ಜೋನ್ಸ್ ಎಂಬ ಪುರಾತತ್ವಜ್ಞನ ಸಾಹಸಗಳ ಚಿತ್ರಸರಣಿ. 1981ರ ‘ರೈಡರ್ಸ್ ಆಫ್ ದ ಲಾಸ್ಟ್ ಆರ್ಕ್’ ಮತ್ತು 1984ರ ‘ಟೆಂಪಲ್ ಆಫ್ ಡೂಮ್’, ಇವೆರಡಕ್ಕೂ ನಿರ್ದೇಶಕರು ಸ್ಟೀವನ್ ಸ್ಪೀಲ್‌ಬರ್ಗ್, ನಾಯಕ ಹ್ಯಾರಿಸನ್ ಫೋರ್ಡ್, ಸಂಗೀತ ಜಾನ್ ವಿಲಿಯಮ್ಸ್ ಅವರದು, ಎರಡರ ಕಥೆಯ ಹಿಂದೆಯೂ ಜಾರ್ಜ್ ಲ್ಯೂಕಸ್ ಇದ್ದಾರೆ. ಇಷ್ಟೆಲ್ಲ ಒಂದೇ ಆಗಿದ್ದರೂ ಎರಡನೆಯ ಚಿತ್ರ ಮೊದಲನೆಯದರ ಎತ್ತರಕ್ಕೆ ಏರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣವನ್ನು ನಾನು ಒಪ್ಪುವುದಿಲ್ಲ.

ಸಾಮಾನ್ಯವಾಗಿ ಹೇಳುವುದು, ಆ ಚಿತ್ರ ತೀರಾ ಕರಾಳವಾಯಿತು, ಕ್ರೂರವಾಯಿತು ಎಂದು. ಬದುಕಿರುವವನ ಎದೆಯಿಂದ ಹೃದಯವನ್ನು ಕಿತ್ತು ತೆಗೆಯುವ ದೃಶ್ಯ ಅದರಲ್ಲಿದೆ. ಅದೇ ವರ್ಷ ಅಮೆರಿಕದಲ್ಲಿ ಪಿಜಿ-13 ಎಂಬ, ಹದಿಮೂರು ವರ್ಷದೊಳಗಿನ ಮಕ್ಕಳ ಪೋಷಕರನ್ನು ಎಚ್ಚರಿಸುವ ಹೊಸ ಪ್ರಮಾಣಪತ್ರ ಹುಟ್ಟಿಕೊಳ್ಳಲು ಕಾರಣವಾದ ಚಿತ್ರಗಳಲ್ಲಿ ಇದೂ ಒಂದು. ಆದರೆ ಕತ್ತಲೆಯೇ ದೋಷವಾಗಿದ್ದರೆ, ಕೊನೆಯಲ್ಲಿ ಮನುಷ್ಯರ ಮುಖಗಳೇ ಕರಗಿಹೋಗುವ ಮೊದಲ ಚಿತ್ರವನ್ನು ನಾವು ಇಷ್ಟು ಪ್ರೀತಿಯಿಂದ ನೋಡುತ್ತಿರಲಿಲ್ಲ.

ನನ್ನ ಕಾರಣ ಬೇರೆ: ಎರಡನೆಯ ಚಿತ್ರದಲ್ಲಿ ನಾಯಕನ ತಿಳಿವಳಿಕೆಗೆ ಕೆಲಸವಿಲ್ಲ. ಮೊದಲ ಚಿತ್ರದಲ್ಲಿ, ಪವಿತ್ರ ಪೆಟ್ಟಿಗೆಯೊಂದು ಹೂತಿರುವ ಈಜಿಪ್ಟಿನ ತಾನಿಸ್ ನಗರದ ನಕ್ಷೆಯ ಕೋಣೆಯ ದೃಶ್ಯವನ್ನು ನೆನಪಿಸಿಕೊಳ್ಳಿ. ಕೋಲಿನ ತುದಿಯ ಪದಕದ ಮೂಲಕ ಹಾಯುವ ಬಿಸಿಲು ನೆಲದ ಮೇಲಿನ ಪುಟ್ಟ ಮಾದರಿ ನಗರದ ಒಂದು ಬಿಂದುವಿನ ಮೇಲೆ ಬೀಳಬೇಕು, ಅಲ್ಲಿಯೇ ಅಗೆಯಬೇಕು. ಆ ಪದಕದ ಒಂದು ಮಗ್ಗುಲಿನಲ್ಲಿ ಕೋಲಿನ ಎತ್ತರ ಬರೆದಿದ್ದರೆ, ಇನ್ನೊಂದು ಮಗ್ಗುಲಿನಲ್ಲಿ ಆ ಎತ್ತರದಿಂದ ಒಂದಳತೆ ಕಳೆಯಬೇಕೆಂಬ ಸೂಚನೆಯಿದೆ. ಅದೇ ಪೆಟ್ಟಿಗೆಯ ಬೆನ್ನುಹತ್ತಿರುವ ನಾತ್ಸಿಗಳ ಬಳಿ ಇರುವುದು ಒಂದೇ ಮಗ್ಗುಲು, ಅದೂ ಕಾದ ಪದಕವನ್ನು ಹಿಡಿದವನ ಅಂಗೈಯಲ್ಲಿ ಮೂಡಿದ ಸುಟ್ಟ ಗುರುತು. ಹಾಗಾಗಿ ಅವರ ಕೋಲು ಉದ್ದವಾಗುತ್ತದೆ, ಅವರು ತಪ್ಪು ಜಾಗದಲ್ಲಿ ಅಗೆಯುತ್ತಾರೆ. ಒಂದೇ ಒಂದು ಗುಂಡು ಹಾರದ ಈ ದೃಶ್ಯ ಚಿತ್ರದ ಅತ್ಯಂತ ರೋಚಕ ಗಳಿಗೆಯಾಗಿರುವುದು ಏಕೆಂದರೆ ನಾಯಕ ಓದಬಲ್ಲವನು, ಶತ್ರು ಅರ್ಧ ಓದಿದವನು. ಚಾಟಿ, ಟೋಪಿಗಳೆಲ್ಲ ಆಮೇಲಿನ ಮಾತು.

ಎರಡನೆಯ ಚಿತ್ರದಲ್ಲಿ ಇಂತಹ ಒಂದು ಗಳಿಗೆಯನ್ನು ಹುಡುಕಿ ನೋಡಿ. ಕಥೆ 1935ರದ್ದು, ಅಂದರೆ ಮೊದಲ ಚಿತ್ರಕ್ಕಿಂತ ಒಂದು ವರ್ಷ ಹಿಂದಿನದು. ವಿಮಾನದಿಂದ ಹಿಮಾಲಯದ ಹಿಮಕ್ಕೆ ಬಿದ್ದು, ಅಲ್ಲಿಂದ ನದಿಗೆ ಜಾರಿ, ಒಂದು ಬರಡಾದ ಹಳ್ಳಿಗೆ ಬಂದ ನಾಯಕನಿಗೆ ಊರಿನ ಹಿರಿಯನೇ ಎಲ್ಲವನ್ನೂ ಹೇಳಿಬಿಡುತ್ತಾನೆ: ಪವಿತ್ರ ಶಿಲೆ ಕಳುವಾಗಿದೆ, ಮಕ್ಕಳು ಕಾಣೆಯಾಗಿದ್ದಾರೆ, ಪಂಕೋಟ್ ಅರಮನೆಗೆ ಹೋಗು. ಬಿಡಿಸಬೇಕಾದ ಒಗಟಿಲ್ಲ. ಪುರಾತತ್ವಜ್ಞನ ಬದಲು ಒಬ್ಬ ಧೈರ್ಯವಂತ ಪೊಲೀಸ್ ಅಧಿಕಾರಿ ಬಂದಿದ್ದರೂ ಕಥೆ ಹೆಚ್ಚೂಕಡಿಮೆ ಹೀಗೆಯೇ ನಡೆಯುತ್ತಿತ್ತು.

ಭಾರತೀಯರಾದ ನಮಗೆ ಈ ಕೊರತೆ ಬೇಗ ಕಾಣುತ್ತದೆ. ಅರಮನೆಯ ಔತಣದಲ್ಲಿ ಜೀವಂತ ಹಾವಿನ ಮರಿಗಳು, ಕಣ್ಣುಗುಡ್ಡೆಯ ಸಾರು, ತಣ್ಣಗೆ ಮಾಡಿದ ಮಂಗನ ಮೆದುಳು ಬಡಿಸುತ್ತಾರೆ. ಶಿವನ ಶಿಲೆಗಳನ್ನು ಕದ್ದವರು ಕಾಳಿಯ ಭಕ್ತರು, ಶಿವನಿಗೂ ಕಾಳಿಗೂ ಏನು ಸಂಬಂಧವೆಂಬ ಯೋಚನೆಯೇ ಯಾರಿಗೂ ಬಂದಂತಿಲ್ಲ. ಚಿತ್ರಕಥೆ ಬದಲಿಸಬೇಕೆಂದು ಭಾರತ ಸರ್ಕಾರ ಕೇಳಿದ್ದರಿಂದ ಚಿತ್ರೀಕರಣ ಶ್ರೀಲಂಕಾದ ಕ್ಯಾಂಡಿಗೆ ಹೋಯಿತು. ಹೀಗಾಗಿ ಹಿಮಾಲಯದ ಕೆಳಗಿನ ಹಳ್ಳಿಯವರು ತಮ್ಮೊಳಗೆ ಸಿಂಹಳದಲ್ಲಿ ಮಾತನಾಡುತ್ತಾರೆ. ಇದನ್ನು ಅವಮಾನವೆಂದು ಮಾತ್ರ ಓದುವುದು ನನಗೆ ಸಾಲದು. ಮೊದಲ ಚಿತ್ರದ ಈಜಿಪ್ಟ್ ಕೂಡ ನಿಜವಾದ ಈಜಿಪ್ಟ್ ಅಲ್ಲ, ಆದರೆ ಅಲ್ಲಿ ಸ್ಥಳಕ್ಕೆ ಒಂದು ನಿಯಮವಿತ್ತು, ಆ ನಿಯಮವನ್ನು ತಿಳಿದವನಿಗೆ ಗೆಲುವಿತ್ತು. ಇಲ್ಲಿ ಸ್ಥಳವೆಂದರೆ ಹೆದರಿಸುವ ಸಾಮಾನಿನ ಗೋದಾಮು. ಏನು ಬೇಕಾದರೂ ಆಗಬಹುದಾದ ನೆಲದಲ್ಲಿ ತಿಳಿವಳಿಕೆಗೆ ಕೆಲಸವಿಲ್ಲ, ಆದ್ದರಿಂದ ಪುರಾತತ್ವಜ್ಞನಿಗೂ ಇಲ್ಲ.

ಆ ಕಾಳಿಭಕ್ತರ ಪೂಜಾರಿ ಮೋಲಾ ರಾಮ್ ಪಾತ್ರದ ಅಮರೀಶ್ ಪುರಿ ಅವರನ್ನು ನೋಡಿದಾಗ ಬೇಸರ ಇನ್ನೂ ಹೆಚ್ಚುತ್ತದೆ. ಇದಕ್ಕೆ ಹನ್ನೊಂದು ವರ್ಷ ಮೊದಲು, 1973ರಲ್ಲಿ, ಗಿರೀಶ ಕಾರ್ನಾಡರ ‘ಕಾಡು’ ಚಿತ್ರದಲ್ಲಿ ಅವರು ಚಂದ್ರೇಗೌಡನಾಗಿ ನಮ್ಮ ಹಳ್ಳಿಯ ಗೌಡಿಕೆಯ ದರ್ಪವನ್ನೂ ಅದರ ಒಳಗಿನ ಪೊಳ್ಳನ್ನೂ ತೋರಿಸಿದವರು. ಅಂಥ ನಟನಿಗೆ ಇಲ್ಲಿ ಸಿಕ್ಕಿದ್ದು ಕೊಂಬಿನ ಕಿರೀಟ ಮತ್ತು ಗರ್ಜನೆ. ಅಷ್ಟರಲ್ಲಿಯೇ ಅವರು ಪರದೆಯನ್ನು ಹಿಡಿದಿಟ್ಟುಕೊಳ್ಳುತ್ತಾರೆ ಎಂಬುದು ಬೇರೆ ಮಾತು.

ಇಷ್ಟು ಹೇಳಿದ ಮೇಲೆ ನ್ಯಾಯವಾಗಿ ಒಪ್ಪಬೇಕಾದದ್ದೂ ಇದೆ. ಗಣಿಯ ಬಂಡಿಗಳ ಬೆನ್ನಟ್ಟುವಿಕೆಯಂತಹ ದೃಶ್ಯ ಮೊದಲ ಚಿತ್ರದಲ್ಲಿಲ್ಲ. ಪುಟ್ಟ ಮಾದರಿ ಸುರಂಗದೊಳಗೆ ಹಿಡಿಸುವಂತೆ ಸ್ಥಿರಚಿತ್ರದ ಕ್ಯಾಮೆರಾವೊಂದನ್ನು ಮಾರ್ಪಡಿಸಿ ಅದರ ಹಲವು ಭಾಗಗಳನ್ನು ತೆಗೆದರು, ಎರಡನೆಯ ಚಿತ್ರಕ್ಕೆ ವಿಷುಯಲ್ ಎಫೆಕ್ಟ್ಸ್‌ಗಾಗಿ ಆಸ್ಕರ್ ಕೂಡ ಬಂತು. ಮೊದಲ ಚಿತ್ರದಲ್ಲಿ ಕತ್ತಿವರಸೆಗಾರನನ್ನು ನಾಯಕ ತಣ್ಣಗೆ ಗುಂಡಿಕ್ಕಿ ಕೆಡವುತ್ತಾನಲ್ಲ, ಇಲ್ಲಿ ಇಬ್ಬರು ಕತ್ತಿಯವರು ಎದುರಾದಾಗ ನಗುತ್ತಲೇ ಸೊಂಟಕ್ಕೆ ಕೈಹಾಕಿದರೆ ಪಿಸ್ತೂಲೇ ಇಲ್ಲ. ಒಂದು ವರ್ಷ ಮುಂದೆ ನಡೆಯಲಿರುವ ಘಟನೆಯನ್ನು ಅವನು ಹೇಗೆ ನೆನಪಿಸಿಕೊಂಡನೆಂದು ಕೇಳಬಾರದು, ನಕ್ಕುಬಿಡಬೇಕು.

ಆದರೂ ನನಗೆ ಅತ್ಯಂತ ಪ್ರಿಯವಾದದ್ದು ಕೊನೆಯ ಹಗ್ಗದ ಸೇತುವೆ. ಎರಡೂ ತುದಿಗಳಲ್ಲಿ ಶತ್ರುಗಳು, ಕೆಳಗೆ ಮೊಸಳೆಗಳ ನದಿ, ಕೈಯಲ್ಲಿ ಒಂದು ಕತ್ತಿ. ಹಗ್ಗವನ್ನು ಕಡಿಯುವ ಮುನ್ನ ಜೋನ್ಸ್ ತನ್ನ ಪುಟ್ಟ ಜೊತೆಗಾರ ಶಾರ್ಟ್ ರೌಂಡ್‌ಗೆ ಚೀನೀ ಭಾಷೆಯಲ್ಲಿ ಎಚ್ಚರಿಕೆ ಹೇಳುತ್ತಾನೆ. ಹುಡುಗ ಮೆಲ್ಲನೆ ಕಾಲಿಗೆ ಹಗ್ಗ ಸುತ್ತಿಕೊಳ್ಳುತ್ತಾನೆ, ಮೋಲಾ ರಾಮನಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಸುಮಾರು ಎರಡು ಗಂಟೆಯ ಚಿತ್ರದಲ್ಲಿ ಬಲ್ಲವನು ಅರಿಯದವನನ್ನು ಸೋಲಿಸುವುದು ಇಲ್ಲೊಂದೇ ಕಡೆ, ನಕ್ಷೆಯ ಕೋಣೆಯ ಆ ಮನುಷ್ಯ ಇಲ್ಲಿ ಮಾತ್ರ ಒಂದು ನಿಮಿಷದ ಮಟ್ಟಿಗೆ ಹಿಂತಿರುಗಿ ಬರುತ್ತಾನೆ.