ಈಸ್ಟರ್ ಆದ ಮೇಲಿನ 49 ದಿನ

ಕೇಳುಗರಿಗೆ ನಮಸ್ಕಾರ.

ಕೋಲಾರ, ಬಂಗಾರಪೇಟೆ, ಕೆ.ಜಿ.ಎಫ್., ಶ್ರೀನಿವಾಸಪುರದ ಕಡೆ ರೇಡಿಯೋ ಹಾಕಿಕೊಂಡು ಅಡುಗೆಮನೆಯಲ್ಲೋ ಕೊಟ್ಟಿಗೆಯಲ್ಲೋ ಕೆಲಸ ಮಾಡುತ್ತಿರುವ ನಿಮಗೇ ಈ ಮಾತು. ಮೊನ್ನೆ ಭಾನುವಾರ ಈಸ್ಟರ್, ಯೇಸು ಸಾವಿನಿಂದ ಎದ್ದು ಬಂದದ್ದನ್ನು ನೆನೆಯುವ ಹಬ್ಬ, ಆಯಿತು. ಅದಕ್ಕೆ ಮುಂಚೆ ಉಪವಾಸ, ಶುಭ ಶುಕ್ರವಾರದ ಧ್ಯಾನ, ಭಾನುವಾರ ಮುಂಜಾನೆಯ ಆರಾಧನೆ, ಮಧ್ಯಾಹ್ನ ನೆಂಟರಿಷ್ಟರ ಜೊತೆ ಊಟ. ಸೋಮವಾರ ಬಹಳ ಮನೆಗಳಲ್ಲಿ ಸತ್ಯವೇದ, ಅಂದರೆ ಬೈಬಲ್, ಮತ್ತೆ ಬೀರು ಸೇರಿತು. ದಯವಿಟ್ಟು ಅದನ್ನು ಆಚೆ ತೆಗೆಯಿರಿ. ದಿನಕ್ಕೊಂದು ಅಧ್ಯಾಯ, ಮನೆಮಂದಿಯೆಲ್ಲ ಕೂತು, ಗಟ್ಟಿಯಾಗಿ ಓದಿ. ಇವತ್ತು ನಾನು ಹೇಳುವುದು ಇಷ್ಟೇ.

"ಹಬ್ಬ ಮುಗೀತು" ಅನ್ನುತ್ತೀರಿ. ಎಲ್ಲಿ ಮುಗಿಯಿತು? ಈಸ್ಟರ್ ಕಾಲ 50 ದಿನದ್ದು, ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದದ್ದನ್ನು ನೆನೆಯುವ ಪಂಚಾಶತ್ತಮ (ಪೆಂಟೆಕೋಸ್ಟ್) ದಿನದವರೆಗೂ ನಡೆಯುತ್ತದೆ. ಈಸ್ಟರ್ ಭಾನುವಾರ ಬಿಟ್ಟರೆ ಉಳಿಯುವುದು 49 ದಿನ. ಸತ್ಯವೇದದಲ್ಲಿ ಯೇಸುವಿನ ಬದುಕು ಹೇಳುವ ಯೋಹಾನನ ಸುವಾರ್ತೆಯಲ್ಲಿ 21 ಅಧ್ಯಾಯ, ಆಮೇಲೆ ಶಿಷ್ಯರು ಮಾಡಿದ್ದನ್ನು ಹೇಳುವ ಅಪೊಸ್ತಲರ ಕೃತ್ಯಗಳಲ್ಲಿ 28. ಕೂಡಿಸಿ ನೋಡಿ, ಸರಿಯಾಗಿ 49! ಯೋಹಾನನಿಗೆ ಮೂರು ವಾರ, ಅಪೊಸ್ತಲರ ಕೃತ್ಯಗಳಿಗೆ ನಾಲ್ಕು ವಾರ. ಸೋಮವಾರ ಶುರುವಾದರೆ ಕೊನೆಯ ಅಧ್ಯಾಯ ಪಂಚಾಶತ್ತಮದ ಭಾನುವಾರವೇ ಬರುತ್ತದೆ. ಈ ಎರಡು ಪುಸ್ತಕಗಳನ್ನು ಈಸ್ಟರ್ ಕಾಲದಲ್ಲಿ ಓದುವುದು ಕ್ರೈಸ್ತ ಸಭೆಯ ಹಳೆಯ ರೂಢಿ, ನಾನು ಕಟ್ಟಿದ್ದಲ್ಲ.

ಓದುವುದು ಹೇಗೆ? ಹತ್ತು ನಿಮಿಷ ಸಾಕು. ಒಬ್ಬರು ಅಧ್ಯಾಯ ಓದಲಿ, ದಿನಕ್ಕೊಬ್ಬರಂತೆ ಸರದಿ ಇರಲಿ. ಓದಿದ ಮೇಲೆ ಒಂದೇ ಪ್ರಶ್ನೆ: "ಕೇಳಿದ್ದರಲ್ಲಿ ನಿನಗೆ ಏನು ನೆನಪಿದೆ?" ಆಮೇಲೆ ಒಬ್ಬೊಬ್ಬರೂ ಒಂದು ಕೋರಿಕೆ ಹೇಳಲಿ, ಎಲ್ಲರೂ ಸೇರಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳಿ ಏಳಿ. ನಮ್ಮ ಕಡೆ ಸಭೆಯಲ್ಲಿ ಕನ್ನಡ, ಮನೆಯಲ್ಲಿ ತೆಲುಗು ಅಥವಾ ತಮಿಳು, ಮಕ್ಕಳ ಶಾಲೆಯಲ್ಲಿ ಇಂಗ್ಲಿಷ್. ಮಗುವಿಗೆ ಯಾವ ಭಾಷೆ ಓದಲು ಬರುತ್ತದೋ ಅದರಲ್ಲೇ ಓದಲಿ, ತಡೆಯಬೇಡಿ.

ಇದು ಕೆಡುವುದು ಎಲ್ಲಿ ಅಂದರೆ, ದೊಡ್ಡ ಹರಕೆಯಲ್ಲಿ. "ನಾಳೆಯಿಂದ ನಾಲ್ಕು ಗಂಟೆಗೆ ಎದ್ದು ಒಂದು ಗಂಟೆ ಪ್ರಾರ್ಥನೆ" ಅಂದವರು ಮೂರನೇ ದಿನಕ್ಕೆ ನಿಲ್ಲಿಸುತ್ತಾರೆ. ಗಡಿಯಾರ ನೋಡಿ ಹೊತ್ತು ಗೊತ್ತುಮಾಡಬೇಡಿ, ದಿನಾ ಹೇಗೂ ತಪ್ಪದ ಕೆಲಸಕ್ಕೆ ಗಂಟುಹಾಕಿ. ಹಸು ಇರುವವರು ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ. ಬೆಂಗಳೂರಿಗೆ ರೈಲಲ್ಲಿ ಹೋಗಿಬರುವವರು ರಾತ್ರಿ ತಟ್ಟೆ ಹಾಕುವ ಮುಂಚೆ. ರೇಷ್ಮೆ ಹುಳು ಸಾಕುವವರು ರಾತ್ರಿಯ ಸೊಪ್ಪು ಹಾಕಿದ ಮೇಲೆ; ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಎಡೆಬಿಡದೆ ಸೊಪ್ಪು ತಿನ್ನುವ ವಾರ ನಿಮಗೆ ನಿದ್ದೆಯೂ ಇರುವುದಿಲ್ಲ, ಆ ವಾರ ಐದು ವಚನ ಓದಿದರೂ ಆಯಿತು. ಒಂದು ದಿನ ತಪ್ಪಿದರೆ ಬಾಕಿ ಓದಲು ಹೋಗಬೇಡಿ, ಇವತ್ತಿನ ಅಧ್ಯಾಯ ಇವತ್ತು. ಬಾಕಿ ಇಟ್ಟುಕೊಂಡವರೇ ಪುಸ್ತಕ ಮುಚ್ಚುವುದು. ಮೊಬೈಲಲ್ಲಿ ಓದಬೇಡಿ, ನಡುವೆ ಮೆಸೇಜು ಬಂದರೆ ಕೈ ಅಲ್ಲಿಗೇ ಹೋಗುತ್ತದೆ. ಇನ್ನು ಅಪ್ಪಂದಿರಿಗೆ ಒಂದು ಮಾತು: ಓದು ಮುಗಿದ ಮೇಲೆ ನೀವು ಪ್ರಸಂಗ ಶುರುಮಾಡಬೇಡಿ. ಮಕ್ಕಳು ಎದ್ದು ಹೋಗುವುದು ಅಲ್ಲೇ.

ಕೆಲಸದ ನಡುವೆ ಭಕ್ತಿ ಎಲ್ಲಿಂದ ಅನ್ನುವವರು ಯೋಹಾನನ ಕೊನೆಯ ಅಧ್ಯಾಯ ನೋಡಿ. ಈ ಭಾಗ ನನಗೆ ಬಹಳ ಇಷ್ಟ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಯೇಸು ಎದ್ದು ಬಂದದ್ದನ್ನು ಶಿಷ್ಯರು ಕಣ್ಣಾರೆ ಕಂಡಾಗಿದೆ. ಆಮೇಲೆ ಪೇತ್ರ ಏನು ಹೇಳಿದ? ಮೀನು ಹಿಡಿಯಲು ಹೋಗುತ್ತೇನೆ ಅಂದ. ಹಳೇ ಕಸುಬು, ಹಳೇ ದೋಣಿ. ತೋಮ, ನತಾನಯೇಲ ಎಲ್ಲ ಸೇರಿ ಏಳು ಜನ ತಿಬೇರಿಯ ಸಮುದ್ರಕ್ಕೆ ಇಳಿದರು. ರಾತ್ರಿಯೆಲ್ಲ ಬಲೆ ಬೀಸಿದರೂ ಒಂದು ಮೀನಿಲ್ಲ. ಬೆಳಗಾಗುವಾಗ ದಡದಲ್ಲಿ ಯಾರೋ ನಿಂತು, ದೋಣಿಯ ಬಲಗಡೆ ಹಾಕಿ ಅಂದರು. ಹಾಕಿದರು, ಎಳೆಯಲಾರದಷ್ಟು ಮೀನು. ಆತನು ಕರ್ತನಾದ ಯೇಸುವೇ ಎಂದು ತಿಳಿದ ಕೂಡಲೇ ಪೇತ್ರ ಮೇಲಂಗಿ ಸುತ್ತಿಕೊಂಡು ನೀರಿಗೆ ಹಾರಿದ. ಉಳಿದವರು ಇನ್ನೂರು ಮೊಳ ದೂರದಿಂದ ಬಲೆ ಎಳೆದು ತಂದರು. ಎಣಿಸಿದರೆ 153 ಮೀನು, ಬಲೆ ಹರಿದಿಲ್ಲ. ದಡದಲ್ಲಿ ನೋಡಿದರೆ ಕೆಂಡ, ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ! ಸಾವನ್ನು ಗೆದ್ದು ಬಂದ ಕರ್ತನು ದಣಿದ ಬೆಸ್ತರಿಗೆ ಊಟಕ್ಕೆ ಬನ್ನಿ ಅನ್ನುತ್ತಾನೆ. ಯೇಸುವನ್ನು ಬಂಧಿಸಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸುತ್ತಾ ನಿಂತಾಗ ಪೇತ್ರ ಆತನನ್ನು ಅರಿಯೆನೆಂದು ಮೂರು ಸಾರಿ ಹೇಳಿದ್ದ. ಇಲ್ಲಿ ಕೆಂಡದ ಬಳಿ ಊಟವಾದ ಮೇಲೆ ಕರ್ತನು ಮೂರು ಸಾರಿ "ನನ್ನನ್ನು ಪ್ರೀತಿಸುತ್ತೀಯಾ" ಎಂದು ಕೇಳಿ, ತನ್ನ ಕುರಿಗಳನ್ನು ಅವನ ಕೈಗೇ ಒಪ್ಪಿಸಿದ. ಇಷ್ಟೂ ನಡೆದದ್ದು ದೇವಾಲಯದಲ್ಲಲ್ಲ, ಕೆಲಸದ ಜಾಗದಲ್ಲಿ. ಹಬ್ಬದ ದಿನವೂ ಅಲ್ಲ, ಆಮೇಲೆ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಅಪೊಸ್ತಲರ ಕೃತ್ಯಗಳಲ್ಲಿ 9ನೇ ಅಧ್ಯಾಯಕ್ಕೆ ಬಂದಾಗ ವಿಧವೆಯರಿಗೆ ಬಟ್ಟೆ ಮಾಡಿಕೊಡುತ್ತಿದ್ದ ದೊರ್ಕ, 18ರಲ್ಲಿ ಗುಡಾರ ಮಾಡಿ ಬದುಕುತ್ತಿದ್ದ ಅಕ್ವಿಲ, ಪ್ರಿಸ್ಕಿಲ್ಲ ಸಿಗುತ್ತಾರೆ, ಮಕ್ಕಳಿಗೆ ತೋರಿಸಿ. ಓದಿನ ಜೊತೆಗೆ, ದಿನಾ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕಿ. ಹಿಡಿಗೆ 50 ಗ್ರಾಂ ಅಂದರೂ 49 ದಿನಕ್ಕೆ ಎರಡು ಕೆ.ಜಿ. ದಾಟುತ್ತದೆ. ಅದನ್ನು ನಿಮ್ಮ ಬೀದಿಯಲ್ಲಿ ಕಾಯಿಲೆಯಿಂದ ಹಾಸಿಗೆ ಹಿಡಿದವರ ಮನೆಗೆ ಕೊಡಿ, ಯಾವ ಜಾತಿ, ಯಾವ ಧರ್ಮ ಎಂದು ಕೇಳದೆ.

ಸೋಮವಾರ ಶುರುಮಾಡದವರು ಹಿಂದಕ್ಕೆ ಹೋಗಬೇಡಿ. ಇವತ್ತು ಬುಧವಾರ, ಯೋಹಾನ ಮೂರನೇ ಅಧ್ಯಾಯ, 36 ವಚನ. ರಾತ್ರಿ ಹೊತ್ತು ಯೇಸುವಿನ ಹತ್ತಿರ ಬಂದ ನಿಕೊದೇಮನಿಂದ ಶುರುವಾಗುತ್ತದೆ. ಯಾರು ಓದುವುದು ಎಂದು ಈಗಲೇ ಹೇಳಿಬಿಡಿ. ನಮಸ್ಕಾರ.