ಜೆಸಿಬಿ ಬರುವ ಮೊದಲು
ಕೇಳುಗರೆಲ್ಲರಿಗೂ ನಮಸ್ಕಾರ.

ಅಂಗಳದಲ್ಲಿ ಗಾರ್ಡನ್ ಮಾಡಿಸಲು ಕರೆಸಿದ ಜೆಸಿಬಿ ಬಂದು ಅರ್ಧ ಗಂಟೆ ಆಗಿರಲಿಲ್ಲ, ನಮ್ಮ ಅಡುಗೆಮನೆ ನಲ್ಲಿಯಲ್ಲಿ ನೀರು ನಿಂತಿತು. ಹೊರಗೆ ಹೋಗಿ ನೋಡಿದರೆ ಬೋರ್‌ವೆಲ್‌ನಿಂದ ಟ್ಯಾಂಕಿಗೆ ಹೋಗುವ ಪೈಪು ಎರಡು ತುಂಡಾಗಿತ್ತು. ಪಕ್ಕದಲ್ಲೇ ಮೋಟರಿನ ಕೇಬಲ್ಲೂ ಸಿಪ್ಪೆ ಸುಲಿದುಕೊಂಡು ಮೇಲೆ ಎದ್ದಿತ್ತು. ಪುಣ್ಯಕ್ಕೆ ಮೋಟರ್ ಆಫ್ ಮಾಡಿದ್ದೆವು. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ನಮ್ಮ ಅತ್ತೆ ತಲೆ ಎತ್ತದೆ ಹೇಳಿದರು: ‘ಪೈಪು ಸಂಪಿಗೆ ಮರ ಬಳಸಿಕೊಂಡು ಹೋಗಿದೆ ಅಲ್ವಾ? ನನ್ನನ್ನು ಯಾರು ಕೇಳಿದರು?’

ನಿಜ. ಯಾರೂ ಕೇಳಿರಲಿಲ್ಲ.

ಈಗ ನಮ್ಮ ಚಿಕ್ಕಮಗಳೂರಿನಲ್ಲೂ ಅಂಗಳಕ್ಕೆ ಹುಲ್ಲುಹಾಸು, ಕಲ್ಲುದಾರಿ, ಹೂವಿನ ಪಾತಿ ಎಲ್ಲ ಮಾಡಿಕೊಡುವ ಗಾರ್ಡನ್ ಕೆಲಸದವರು ಇದ್ದಾರೆ. ಕೈ ನುರಿತವರು, ಅದರಲ್ಲಿ ಅನುಮಾನ ಇಲ್ಲ. ಆದರೆ ನಮ್ಮ ನೆಲದೊಳಗೆ ಏನಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅದು ನಮ್ಮ ಕೆಲಸ. ನೀರಿನ ಪೈಪು, ಕರೆಂಟಿನ ಕೇಬಲ್, ಶೌಚದ ಗುಂಡಿ, ಎಂದೋ ಚಪ್ಪಡಿ ಹಾಕಿ ಮುಚ್ಚಿದ ಬಾವಿ, ಎಲ್ಲದರ ಜಾಗಕ್ಕೂ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಿರಿ. ಹಳೆಯ ಗುಂಡಿಯ ಚಪ್ಪಡಿ ಮೇಲೆ ಜೆಸಿಬಿ ಹತ್ತಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ತಮಾಷೆ ಕೇಳಿ. ತಮಾಷೆ ಅಂತ ಈಗ ಅನ್ನುತ್ತೇನೆ, ಆವತ್ತು ಅಳು ಬಂದಿತ್ತು. ಬಚ್ಚಲು ನೀರು ಹರಿಯುವ ಕಡೆ ಒಂದೆಲಗ ಚಾಪೆಯ ಹಾಗೆ ಹಬ್ಬಿತ್ತು. ವಾರಕ್ಕೆರಡು ಸಲ ಅದರದ್ದೇ ತಂಬುಳಿ. ಕೆಲಸದ ಹುಡುಗರು ಕಳೆ ಅಂದುಕೊಂಡು ಒಂದು ಎಳೆ ಬಿಡದೆ ಕೆತ್ತಿ ಬುಟ್ಟಿಗೆ ತುಂಬಿದ್ದರು. ಅವರ ತಪ್ಪಲ್ಲ. ಉಳಿಯಬೇಕಾದ ಗಿಡಕ್ಕೆಲ್ಲ ಮೊದಲೇ ಒಂದು ಕೆಂಪು ಬಟ್ಟೆ ಕಟ್ಟಬೇಕು. ಕರಿಬೇವು, ದೊಡ್ಡಪತ್ರೆ, ಮಲ್ಲಿಗೆ ಬಳ್ಳಿ, ಯಾವುದೂ ನಮಗೆ ಕಂಡ ಹಾಗೆ ಅವರಿಗೆ ಕಾಣುವುದಿಲ್ಲ. ನಾಗರಕಲ್ಲು ಇದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ.

ಮರ ಕಡಿಸುವುದಿದ್ದರೆ ಸ್ವಲ್ಪ ತಡೆಯಿರಿ. ನಮ್ಮ ಜಾಗದ ಮರವೇ ಆದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕಾಗುತ್ತದೆ. ತೆಂಗು, ಸಿಲ್ವರ್ ಓಕ್, ಸರ್ವೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಗಂಧದ ಗಿಡ ತಾನಾಗಿ ಹುಟ್ಟಿದ್ದರಂತೂ ಅರಣ್ಯ ಇಲಾಖೆಯನ್ನು ಕೇಳದೆ ಕತ್ತಿ ಇಡಲೇಬೇಡಿ.

ಈಗ ನೀರಿನ ವಿಷಯ. ನಮ್ಮ ಊರಲ್ಲಿ ಅಂಗಳ ಅಂದರೆ ಅರ್ಧ ಮಳೆಯದ್ದೇ ಲೆಕ್ಕ. ಕೆಲಸಕ್ಕೆ ಹೇಳುವ ಮುಂಚೆ ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಅಂಗಳದಲ್ಲಿ ಕಾಲು ಗಂಟೆ ನಿಲ್ಲಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಎಲ್ಲಿ ಮಡುಗಟ್ಟುತ್ತದೆ, ಪಕ್ಕದ ಮನೆಯಿಂದ ಎಷ್ಟು ಬರುತ್ತದೆ ಅಂತ ನೋಡಿ. ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟು ಮೇಸ್ತ್ರಿಗೆ ತೋರಿಸಿ. ಬಿಸಿಲಲ್ಲಿ ಬಂದು ಅಳತೆ ಮಾಡುವವರಿಗೆ ಇದು ಕಾಣುವುದೇ ಇಲ್ಲ. ಗೋಡೆಯಿಂದ ಆಚೆಗೆ 10 ಅಡಿ ಹೋಗುವಷ್ಟರಲ್ಲಿ ನೆಲ 6 ಇಂಚಾದರೂ ಇಳಿದಿರಬೇಕು. ಇಲ್ಲದಿದ್ದರೆ ಆಷಾಢದಲ್ಲಿ ಪಾಯಕ್ಕೆ ಶೀತ ಹಿಡಿಯುತ್ತದೆ. ಹುಲ್ಲು ಹಸಿರಾಗಿ ಚೆನ್ನಾಗಿಯೇ ಇರುತ್ತದೆ, ಒಳಗೆ ಗೋಡೆ ಬಣ್ಣ ಉದುರುತ್ತಿರುತ್ತದೆ. ಅದೇ ಮಳೆ ಕಡಿಮೆ ಇರುವ ಕಡೂರು, ಬೀರೂರು ಕಡೆಯವರಿಗೆ ಚಿಂತೆ ಬೇರೆ. ಬೇಸಿಗೆಯಲ್ಲಿ ಹುಲ್ಲಿಗೆ ನೀರು ಎಲ್ಲಿಂದ ತರುತ್ತೀರಿ ಅಂತ ಮೊದಲು ಯೋಚಿಸಿ. ನನ್ನನ್ನು ಕೇಳಿದರೆ ಅಲ್ಲಿ ಹುಲ್ಲುಹಾಸು ಚಿಕ್ಕದಿದ್ದಷ್ಟೂ ಒಳ್ಳೆಯದು.

ಮಣ್ಣಿನ ಬಗ್ಗೆ ಒಂದು ಹಟ ಹಿಡಿಯಿರಿ. ಮೇಲಿನ ಅರ್ಧ ಅಡಿ ಮಣ್ಣೇ ಜೀವ ಇರುವ ಮಣ್ಣು. ಮಟ್ಟ ಮಾಡುವ ಅವಸರದಲ್ಲಿ ಅದನ್ನು ಅಡಿಗೆ ಹಾಕಿ, ಅಡಿಯ ಕೆಂಪು ಗಟ್ಟಿ ಮಣ್ಣನ್ನು ಮೇಲೆ ತಂದುಬಿಡುತ್ತಾರೆ. ಆಮೇಲೆ ನೀವು ಎಷ್ಟು ಗೊಬ್ಬರ ಸುರಿದರೂ ಗಿಡ ಮುನಿಸಿಕೊಂಡೇ ಇರುತ್ತದೆ. ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಿಸಿ, ಕೊನೆಯಲ್ಲಿ ಹರಡಿಸಿ. 20 ಅಡಿ ಉದ್ದ, 20 ಅಡಿ ಅಗಲದ ಅಂಗಳವನ್ನು ಅರ್ಧ ಅಡಿ ಕೆರೆದರೂ 200 ಘನ ಅಡಿ ಮಣ್ಣು ಬರುತ್ತದೆ, ಅಗೆದ ಮೇಲೆ ಇನ್ನೂ ಉಬ್ಬುತ್ತದೆ. ಆ ಗುಡ್ಡೆಗೆ ಜಾಗ ಎಲ್ಲಿ ಅಂತ ಮೊದಲೇ ನೋಡಿಕೊಳ್ಳಿ. ರಸ್ತೆ ಚರಂಡಿ ಮೇಲಂತೂ ಬೇಡ. ಮಲೆನಾಡಿನ ಮಳೆ ಸುಣ್ಣದ ಅಂಶ ತೊಳೆದುಕೊಂಡು ಹೋಗುವುದರಿಂದ ನಮ್ಮ ಮಣ್ಣು ಸಾಮಾನ್ಯವಾಗಿ ಹುಳಿ, ಅಂದರೆ ಆಮ್ಲದ ಗುಣದ್ದು. ನಾಲ್ಕೈದು ಕಡೆ ಅರ್ಧ ಅಡಿ ಆಳದಿಂದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಪರೀಕ್ಷೆಗೆ ಕೊಡಿ. ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಪರೀಕ್ಷೆ ಮಾಡಿಸದೆ ಸುಮ್ನೆ ಸುಣ್ಣ ಎರಚಬೇಡಿ.

ಕಾಲ ಯಾವುದು ಅಂತೀರಾ? ನವೆಂಬರ್‌ನಿಂದ ಫೆಬ್ರವರಿ ತನಕ ಆಳುಗಳೆಲ್ಲ ಕಾಫಿ ಹಣ್ಣು ಕೊಯ್ಯಲು ಹೋಗಿರುತ್ತಾರೆ, ಕೈಗೆ ಸಿಗುವುದಿಲ್ಲ. ಅಗೆತ, ಕಲ್ಲು ಕೆಲಸ ಮಾರ್ಚ್, ಏಪ್ರಿಲ್‌ನಲ್ಲಿ ಮುಗಿಸಿ. ಗಿಡ ನೆಡುವುದು ಜೂನ್ ಮೊದಲಲ್ಲಿ, ಮೃಗಶಿರ ಮಳೆಗೆ. ಆರಿದ್ರಾ ತನಕ ಎಳೆದರೆ ಹೊಸ ಮಣ್ಣೆಲ್ಲ ಗೇಟು ದಾಟಿ ಹೋಗಿರುತ್ತದೆ.

ಪೈಪು ಸರಿಯಾಗಲು ಎರಡು ದಿನ ಹಿಡಿಯಿತು. ಮೂರನೇ ದಿನ ಬೆಳಗ್ಗೆ ಕಾಫಿ ಕುಡಿದು ಮೇಸ್ತ್ರಿ ತಾವೇ ಜಗಲಿಗೆ ಬಂದು, ‘ಅಮ್ಮ, ಒಂಚೂರು ತೋರಿಸಿಕೊಡ್ತೀರಾ?’ ಅಂದರು. ಅತ್ತೆ ಕೋಲು ಊರಿಕೊಂಡು ಮುಂದೆ ಹೊರಟರು. ಹಿಂದೆ ಸುಣ್ಣದ ಡಬ್ಬಿ ಹಿಡಿದುಕೊಂಡು ಮೇಸ್ತ್ರಿ. ಹಿತ್ತಲ ಮೂಲೆಯಲ್ಲಿ ಅತ್ತೆ ನಿಂತು ಕೋಲಿನಿಂದ ನೆಲ ಕುಟ್ಟಿದರು. ಡಬ್ ಅಂತ ಸದ್ದು ಬಂತು. ಅಲ್ಲೊಂದು ಗುಂಡಿ ಇರುವುದು ನಮ್ಮ ಮನೆಯವರಿಗೂ ಗೊತ್ತಿರಲಿಲ್ಲ.

ನಮಸ್ಕಾರ.