ಆಟ ನಿಮಗಾಗಿ ಕಾಯುತ್ತದೆಯಾ?

ಕೇಳುಗರೆಲ್ಲರಿಗೂ ನಮಸ್ಕಾರ. ಪರೀಕ್ಷೆ ಮುಗಿಸಿ ಕೂತಿರುವ ಮಕ್ಕಳಿಗೆ, ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಬಿಡುವು ಹುಡುಕುವ ದೊಡ್ಡವರಿಗೆ ಈ ಮಾತು. ಬಾಹ್ಯಾಕಾಶದಲ್ಲಿ ನಡೆಯುವ ತಂತ್ರದ ವಿಡಿಯೊ ಗೇಮ್‌ಗಳು ಹತ್ತಾರು ಇವೆ. ಯಾವುದನ್ನು ಆಡೋಣ?

ಎಲ್ಲರೂ ನನ್ನನ್ನು ಮೊದಲು ಕೇಳುವುದು ಗ್ರಾಫಿಕ್ಸ್ ಹೇಗಿದೆ ಅಂತ. ದಯವಿಟ್ಟು ಅದನ್ನು ಆಮೇಲೆ ಕೇಳಿ. ಮೊದಲ ಪ್ರಶ್ನೆ ಒಂದೇ: ನೀವು ಯೋಚಿಸುವಾಗ ಆಟ ಕಾಯುತ್ತದೆಯಾ, ಇಲ್ಲವಾ?

ಚೌಕಾಬಾರ ಆಡಿದ್ದೀರಲ್ವಾ? ನೀವು ಕವಡೆ ಹಾಕುವವರೆಗೆ ಯಾರ ಕಾಯೂ ಅಲುಗುವುದಿಲ್ಲ. ಕಬಡ್ಡಿ ಹಾಗಲ್ಲ. ನಿಂತು ಯೋಚಿಸಿದರೆ ಕಾಲು ಹಿಡಿದು ಕೆಡವುತ್ತಾರೆ. ಬಾಹ್ಯಾಕಾಶದ ಆಟಗಳಲ್ಲೂ ಈ ಎರಡು ಜಾತಿ ಇವೆ. 1993ರ ‘ಮಾಸ್ಟರ್ ಆಫ್ ಓರಿಯನ್’ ಚೌಕಾಬಾರದ ಜಾತಿ. ಹೊಸ ಗ್ರಹ ಹುಡುಕು, ಹರಡಿಕೊ, ಅಲ್ಲಿರುವುದನ್ನು ಬಳಸು, ಎದುರಾಳಿಯನ್ನು ಮುಗಿಸು. ಈ ನಾಲ್ಕು ಕೆಲಸದ ಆಟಗಳಿಗೆ ‘ಫೋರ್ ಎಕ್ಸ್’ ಅನ್ನುವ ಹೆಸರು ಬಂದದ್ದೇ ಆ ಆಟದ ಬಗ್ಗೆ ಬರೆದ ಒಂದು ಲೇಖನದಿಂದ. 1998ರ ‘ಸ್ಟಾರ್‌ಕ್ರಾಫ್ಟ್’ ಕಬಡ್ಡಿಯ ಜಾತಿ. ದಕ್ಷಿಣ ಕೊರಿಯಾದಲ್ಲಿ ಅದರ ಪಂದ್ಯಗಳನ್ನು ಟಿವಿಯಲ್ಲಿ ತೋರಿಸುತ್ತಿದ್ದರು. ಅಲ್ಲಿ ಗೆಲ್ಲುವುದಕ್ಕೆ ತಲೆಯಷ್ಟೇ ಬೆರಳೂ ಓಡಬೇಕು.

ಇವೆರಡರ ನಡುವೆ ಮೂರನೆಯದೊಂದಿದೆ. ಅದೇ ನನಗೆ ಇಷ್ಟ. ಆಟ ಓಡುತ್ತಿರುತ್ತದೆ, ಆದರೆ ಸ್ಪೇಸ್ ಬಾರ್ ಒತ್ತಿದರೆ ಗಕ್ಕನೆ ನಿಲ್ಲುತ್ತದೆ. ನಿಂತಾಗಲೂ ಅಪ್ಪಣೆ ಕೊಡಬಹುದು.

2012ರಲ್ಲಿ ‘ಎಫ್‌ಟಿಎಲ್’ ಅಂತ ಒಂದು ಪುಟ್ಟ ಆಟ ಬಂತು. ಇಬ್ಬರು ಗೆಳೆಯರು ಶುರುಮಾಡಿದ ಆಟ. ನಿಮ್ಮದು ಒಂದೇ ನೌಕೆ, ಶುರುವಿನಲ್ಲಿ ಬೆರಳೆಣಿಕೆಯ ಜನ. ಹಿಂದೆ ಬಂಡುಕೋರರ ದಂಡು ಅಟ್ಟಿಸಿಕೊಂಡು ಬರುತ್ತಿರುತ್ತದೆ. ನೌಕೆ ಒಡೆದರೆ ಮೊದಲಿಂದ ಶುರು. ಒಂದು ಸಂಜೆ ನನ್ನ ನೌಕೆಯ ಆಯುಧದ ಕೋಣೆಗೆ ಬೆಂಕಿ ಬಿತ್ತು. ಅದೇ ಹೊತ್ತಿಗೆ ಮ್ಯಾಂಟಿಸ್ ಅನ್ನುವ ಹುಳದಂಥ ಇಬ್ಬರು ಅಲ್ಲಿಗೇ ನುಗ್ಗಿದರು. ಕೈಕೈ ಹೊಡೆದಾಟದಲ್ಲಿ ಅವರನ್ನು ಮನುಷ್ಯರು ಸೋಲಿಸುವುದು ಬಹಳ ಕಷ್ಟ. ಸ್ಪೇಸ್ ಬಾರ್ ಒತ್ತಿದೆ. ಸರಿಯಾಗಿ ಆಗಲೇ ಅಮ್ಮ ಹಿತ್ತಲಿಂದ ಕೂಗಿದರು, “ಮೂರನೇ ಸೀಟಿ ಆಯ್ತು ಕಣೋ, ಕುಕ್ಕರ್ ಆರಿಸು!” ಎದ್ದು ಹೋದೆ. ಒಲೆಯ ಗುಬುಟು ತಿರುಗಿಸಿದೆ. ಗ್ಯಾಸ್ ನಿಂತಿತು, ಉರಿ ಆರಿತು. ಅಲ್ಲೇ ನಿಂತುಬಿಟ್ಟೆ. ಬೆಂಕಿಗೆ ಗ್ಯಾಸ್ ಒಂದೇ ಸಾಲದು, ಗಾಳಿಯೂ ಬೇಕಲ್ವಾ? ನುಗ್ಗಿದವರಿಗೂ ಉಸಿರಾಡಲು ಗಾಳಿ ಬೇಕಲ್ವಾ?

ಓಡಿ ಬಂದೆ. ಆಟ ಬಿಟ್ಟಲ್ಲೇ ನಿಂತಿತ್ತು. ನನ್ನ ಜನರನ್ನು ಚಿಕಿತ್ಸೆಯ ಕೋಣೆಗೆ ಕಳಿಸಿ ಅದರ ಬಾಗಿಲು ಮುಚ್ಚಿಸಿದೆ. ಆಯುಧದ ಕೋಣೆಯಿಂದ ಹೊರಗಿನ ಶೂನ್ಯದವರೆಗೆ ಇದ್ದ ಬಾಗಿಲುಗಳನ್ನೆಲ್ಲ ತೆರೆದೆ. ಗಾಳಿ ಹೋಯಿತು. ಬೆಂಕಿ ಆರಿತು. ನುಗ್ಗಿದವರು ಉಸಿರುಗಟ್ಟಿ ಬಿದ್ದರು. ಬಾಗಿಲು ಮುಚ್ಚಿದೆ, ಗಾಳಿ ಮತ್ತೆ ತುಂಬಿತು. ಈಗಲೂ ನೆನೆದರೆ ಮೈ ಜುಮ್ ಅನ್ನುತ್ತದೆ! ಆಟ ಕಾಯದೇ ಇದ್ದಿದ್ದರೆ ಈ ಉಪಾಯ ನನಗೆ ಹೊಳೆಯುತ್ತಲೇ ಇರಲಿಲ್ಲ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. 2016ರ ‘ಸ್ಟೆಲ್ಲಾರಿಸ್’ ಕೂಡ ಸ್ಪೇಸ್ ಬಾರ್ ಒತ್ತಿದರೆ ನಿಲ್ಲುತ್ತದೆ. ಆದರೆ ಅದು ದೊಡ್ಡ ಆಟ, ಒಂದು ನಕ್ಷೆಯಲ್ಲಿ 1000 ನಕ್ಷತ್ರಗಳವರೆಗೆ ಇಡಬಹುದು. ವಾರಗಟ್ಟಲೆ ಆಡಲು ಪುರುಸೊತ್ತು ಇದ್ದರೆ ಮಾತ್ರ ಕೈಹಾಕಿ. ಅದಕ್ಕೆ ಬೇರೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಹೆಚ್ಚುವರಿ ಭಾಗಗಳನ್ನು ಮೊದಲೇ ಕೊಳ್ಳಬೇಡಿ, ಮೂಲ ಆಟವೇ ಬೇಕಾದಷ್ಟಾಯಿತು. ಚೌಕಾಬಾರದ ಹಾಗೆ ಸರದಿಯ ಆಟವೇ ಬೇಕು, ಕಣ್ಣಿಗೂ ಚೆಂದ ಇರಬೇಕು ಅನ್ನುವವರಿಗೆ ಪ್ಯಾರಿಸ್‌ನವರ ‘ಎಂಡ್‌ಲೆಸ್ ಸ್ಪೇಸ್ 2’ ಇದೆ. ಕೈಯಲ್ಲಿ ದುಡ್ಡಿಲ್ಲ, ಬೆರಳು ಚುರುಕಾಗಿದೆ ಅಂದರೆ ಮೊದಲ ‘ಸ್ಟಾರ್‌ಕ್ರಾಫ್ಟ್’ 2017ರಿಂದ ಉಚಿತ. ಹಳೇ ಲ್ಯಾಪ್‌ಟಾಪ್, ಮನೆಯಲ್ಲಿ ಹತ್ತು ಸಲ ಕರೆಯುತ್ತಾರೆ ಅನ್ನುವವರಿಗೆ ಎಫ್‌ಟಿಎಲ್ಲೇ ಸರಿ.

ಕೊಳ್ಳುವ ಮೊದಲು ಯಾರಾದರೂ ಆಡುವ ವಿಡಿಯೊವನ್ನು ಹತ್ತು ನಿಮಿಷ ನೋಡಿ. ಸುಮ್ನೆ ಚಿತ್ರ ನೋಡಬೇಡಿ. ಆಡುವವರು ಆಟವನ್ನು ಎಷ್ಟು ಸಲ ನಿಲ್ಲಿಸುತ್ತಾರೆ ಅಂತ ಎಣಿಸಿ. ನಮಸ್ಕಾರ.